ಟಿಕೆಟ್ ಇದೆ, ಸೀಟಿಲ್ಲ!

ಟಾಕೀಸಿನವನು ನೂರು ಕುರ್ಚಿ ಇಟ್ಟುಕೊಂಡು ನೂರೈದು ಟಿಕೆಟ್ ಮಾರಿದರೆ ನಾವು ಸುಮ್ಮನಿರ್ತೀವಾ? ಗಲಾಟೆ ಎಬ್ಬಿಸ್ತೀವಿ. ಅದೇ ಕೆಲಸವನ್ನು ವಿಮಾನ ಕಂಪನಿ ಮಾಡಿದರೆ ಅದಕ್ಕೆ ‘ಓವರ್‌ಬುಕಿಂಗ್’ ಅಂತ ಗೌರವದ ಹೆಸರು! ಒಂದಷ್ಟು ಜನ ಹೇಗೂ ಬರೋದಿಲ್ಲ ಅನ್ನೋದು ಅವರ ಲೆಕ್ಕ. ಎಲ್ಲರೂ ಬಂದುಬಿಟ್ಟರೆ?

ಆ ರಾತ್ರಿ ಹಾಗೇ ಆಯಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ. ನಾನು ಲಂಡನ್‌ಗೆ ಹೊರಟಿದ್ದೆ. ನನ್ನ ಮುಂದೆ ಮಂಡ್ಯ ಕಡೆಯ ತಾಯಿಯೊಬ್ಬರು. ಮಗಳ ಬಾಣಂತನಕ್ಕೆ ಒಬ್ಬರೇ ಹೊರಟವರು. ‘ಫ್ಲೈಟ್ ಫುಲ್, ನಾಳೆ ಬನ್ನಿ’ ಅಂತ ಕೌಂಟರಿನ ಹುಡುಗ ಇಂಗ್ಲಿಷಿನಲ್ಲಿ ಹೇಳಿದ. ‘ಟಿಕೀಟು ಐತಲ್ಲಪ್ಪಾ, ವೀಸಾನೂ ಐತೆ, ಇನ್ನೇನು ಬೇಕು?’ ಅಂತ ಆಕೆ ಕೇಳ್ತಾನೇ ಇದ್ದರು. ಉತ್ತರವಿಲ್ಲ.

ನನ್ನ ಸರದಿ ಬಂತು. ನನಗೂ ಸೀಟಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ನನ್ನ ಗುರುತು ಹಿಡಿದರು. ‘ಸರ್, ನಿಮಗೊಂದು ವ್ಯವಸ್ಥೆ ಮಾಡ್ತೀವಿ’ ಅಂದರು. ಐದು ನಿಮಿಷದ ಹಿಂದೆ ಇಲ್ಲದ ಸೀಟು ಎಲ್ಲಿಂದ ಹುಟ್ಟಿತು ಸ್ವಾಮಿ?

ಆ ಸೀಟು ಆ ತಾಯಿಗೇ ಕೊಡಿ ಅಂದೆ. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ನನ್ನ ಕೆಲಸ ಒಂದು ದಿನ ಕಾಯುತ್ತೆ, ಹೆರಿಗೆ ಕಾಯೋದಿಲ್ಲ. ಮೊದಲೇ ಕೇಳಿದ್ದರೆ ಮೊದಲೇ ಬಿಟ್ಟುಕೊಡ್ತಿದ್ದೆ. ಡಿಜಿಸಿಎ ನಿಯಮ ಹೇಳೋದೂ ಅದನ್ನೇ: ಸೀಟು ಕಡಿಮೆ ಬಿದ್ದರೆ, ಸ್ವಇಚ್ಛೆಯಿಂದ ಬಿಟ್ಟುಕೊಡುವವರು ಇದ್ದಾರಾ ಅಂತ ಮೊದಲು ಕೇಳಬೇಕು. ಅಲ್ಲಿ ಯಾರೂ ಕೇಳಲೇ ಇಲ್ಲ!

ಇನ್ನೂ ಇದೆ, ಕೇಳಿ. ಕನ್ಫರ್ಮ್ ಟಿಕೆಟ್ ಇದ್ದು, ಸಮಯಕ್ಕೆ ಸರಿಯಾಗಿ ಬಂದವರನ್ನು ಹೀಗೆ ಬಿಟ್ಟು ಹೋದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡಬೇಕು. ಅದು ತಪ್ಪಿ, 24 ಗಂಟೆಯೊಳಗಿನ ವಿಮಾನ ಕೊಟ್ಟರೆ 10,000 ರೂಪಾಯಿವರೆಗೆ, ಅದಕ್ಕೂ ತಡವಾದರೆ 20,000 ರೂಪಾಯಿವರೆಗೆ ಪರಿಹಾರ. ಯುರೋಪಿನಿಂದ ಹೊರಡುವ ದೂರದ ವಿಮಾನಗಳಲ್ಲಿ ಇದು 600 ಯೂರೋವರೆಗೆ ಹೋಗುತ್ತೆ. ನಮ್ಮಲ್ಲಿ ಹಣವೂ ಕಡಿಮೆ, ಹೇಳುವವರೂ ಕಡಿಮೆ. ನಿಯಮಕ್ಕೆ ಹಲ್ಲಿಲ್ಲ ಅಂತಲ್ಲ. ಪರಿಹಾರ ಕೊಡದ ಒಂದು ಸಂಸ್ಥೆಗೆ 2022ರ ಜೂನ್‌ನಲ್ಲಿ 10 ಲಕ್ಷ ರೂಪಾಯಿ ದಂಡ ಬಿದ್ದಿತ್ತು.

ಹಾಗಾಗಿ, ಕೌಂಟರಿನಲ್ಲಿ ಅಳಬೇಡಿ, ಕೂಗಾಡಬೇಡಿ. ‘ಯಾಕೆ ಹತ್ತಿಸಲಿಲ್ಲ ಅಂತ ಬರೆದುಕೊಡಿ’ ಅಂತ ಕೇಳಿ, ಕನ್ನಡದಲ್ಲೇ ಕೇಳಿ. ಬೋರ್ಡಿಂಗ್ ಪಾಸು, ಟಿಕೆಟ್ಟು, ಬಂದ ಮೆಸೇಜು ಎಲ್ಲಾ ಇಟ್ಟುಕೊಳ್ಳಿ.

ಕೊನೆಗೆ ಒಂದೇ ಪ್ರಶ್ನೆ. ಟಿವಿಯಲ್ಲಿ ಬರೋ ಮುಖಕ್ಕೆ ಸೀಟು ಹುಟ್ಟುತ್ತೆ ಅಂದರೆ, ಟಿವಿ ನೋಡೋ ಮುಖಕ್ಕೆ ಯಾಕೆ ಹುಟ್ಟೋದಿಲ್ಲ?