ಸಾಲದ ರೂಪಾಯಿ ಬೇರೆ, ಬೆಳೆಯ ರೂಪಾಯಿ ಬೇರೆ

(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ದುಡ್ಡಿನ ಕತೆ ಕಟ್ಟಿಕೊಂಡು ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಏನಾಗಬೇಕು ಅಂತ ನೀವು ಕೇಳಬಹುದು. ಮೊದಲು ನಿಮ್ಮ ಲೆಕ್ಕವನ್ನೇ ನೋಡಿ.

ರಾಶಿ ಅಡಿಕೆಯ ಧಾರಣೆ ಕ್ವಿಂಟಾಲಿಗೆ 40,000 ರೂಪಾಯಿ ಇದ್ದಾಗ ನೀವು 2 ಲಕ್ಷ ಸಾಲ ತಂದಿರಿ ಅನ್ನಿ. ಅಂದರೆ 5 ಕ್ವಿಂಟಾಲು ಅಡಿಕೆಯ ಸಾಲ. ತೀರಿಸುವ ಹೊತ್ತಿಗೆ ಧಾರಣೆ 25,000ಕ್ಕೆ ಇಳಿಯಿತು. ಈಗ ಅಸಲಿಗೇ 8 ಕ್ವಿಂಟಾಲು ಬೇಕು, ಬಡ್ಡಿ ಬೇರೆ. ಬ್ಯಾಂಕಿನ ಪುಸ್ತಕದಲ್ಲಿ ಅಸಲು ಒಂದು ಪೈಸೆಯೂ ಏರಿಲ್ಲ. ನಿಮ್ಮ ಅಂಗಳದಿಂದ ಮಾತ್ರ 3 ಕ್ವಿಂಟಾಲು ಹೆಚ್ಚಿಗೆ ಹೋಯಿತು. ಕೊಳೆರೋಗ, ಎಲೆಚುಕ್ಕಿ ರೋಗ ಕಣ್ಣಿಗೆ ಕಾಣುತ್ತವೆ. ಈ ರೋಗ ಕಾಣುವುದಿಲ್ಲ.

ಇದೇ ಲೆಕ್ಕ ಅಮೆರಿಕದ ರೈತರನ್ನು ಬೀದಿಗೆ ತಂದಿತು. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ. ಖರ್ಚಿಗೆ ಚಿನ್ನ ಸಾಲದೆ ಸರ್ಕಾರ 1862ರಲ್ಲಿ ಚಿನ್ನದ ಆಧಾರವಿಲ್ಲದ ನೋಟು ಹೊರಡಿಸಿತು. ಅದರ ಬೆನ್ನಿಗೆ ಹಸಿರು ಬಣ್ಣ ಇದ್ದುದರಿಂದ ಗ್ರೀನ್‌ಬ್ಯಾಕ್ ಅಂತ ಹೆಸರಾಯಿತು. ದುಡ್ಡು ಹೆಚ್ಚಾಯಿತು, ಬೆಲೆಯೂ ಏರಿತು. ಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. 1873ರಲ್ಲಿ ಬೆಳ್ಳಿ ಡಾಲರ್ ಟಂಕಿಸುವುದನ್ನು ನಿಲ್ಲಿಸಿದರು. 1879ರಿಂದ ನೋಟಿಗೆ ಚಿನ್ನವೇ ಅಳತೆಗೋಲು. ಜನ ಹೆಚ್ಚಿದರು, ಬೆಳೆ ಹೆಚ್ಚಿತು, ದುಡ್ಡು ಅಷ್ಟು ಹೆಚ್ಚಲಿಲ್ಲ. ಗೋಧಿ, ಹತ್ತಿಯ ಬೆಲೆ ಕುಸಿಯಿತು. ಸಾಲ ಕೊಟ್ಟವರಿಗೆ ಅದು ಗಟ್ಟಿ ದುಡ್ಡು, ಸಾಲ ತಂದವನಿಗೆ ಉರುಳು. ಬೆಳ್ಳಿಯನ್ನೂ ನಾಣ್ಯ ಮಾಡಿ ಅಂತ 1896ರಲ್ಲಿ ಬ್ರಯಾನ್ ಅಧ್ಯಕ್ಷ ಚುನಾವಣೆಗೆ ನಿಂತರು. ಸೋತರು.

ಇದು ಪರದೇಶದ ಪುರಾಣ ಅಂದುಕೊಳ್ಳಬೇಡಿ. 1927ರಲ್ಲಿ ಬ್ರಿಟಿಷರು ಒಂದು ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ಸ್ ಅಂತ ಕಾನೂನು ಮಾಡಿದರು. 1 ಶಿಲ್ಲಿಂಗ್ 4 ಪೆನ್ಸ್ ಇರಲಿ ಅಂತ ನಮ್ಮವರು ವಾದಿಸಿದರು. ಎರಡು ಪೆನ್ಸಿನಲ್ಲಿ ಏನಿದೆ ಅಂತೀರಾ? ಲಂಡನ್ನಿನಲ್ಲಿ ಒಂದು ಪೌಂಡಿಗೆ ಮಾರಿದ ಕಾಫಿಗೆ ನಮ್ಮವರ ದರದಲ್ಲಿ 15 ರೂಪಾಯಿ ಬರಬೇಕು, ಅವರ ದರದಲ್ಲಿ 13 ರೂಪಾಯಿ 5 ಆಣೆ 4 ಪೈ. ಮೈಸೂರು ಸಂಸ್ಥಾನದಲ್ಲೂ ಓಡುತ್ತಿದ್ದುದು ಅದೇ ರೂಪಾಯಿ. ಸಾಲದ ಪತ್ರದಲ್ಲಿ ಬರೆದ ರೂಪಾಯಿ ಮಾತ್ರ ಇಳಿಯಲಿಲ್ಲ. 1930ರಲ್ಲಿ ಗಾಂಧೀಜಿ ಮುಂದಿಟ್ಟ 11 ಬೇಡಿಕೆಗಳಲ್ಲಿ ಭೂಕಂದಾಯವನ್ನು ಅರ್ಧಕ್ಕೆ ಇಳಿಸುವುದರ ಜೊತೆಗೆ ಈ ದರವನ್ನು 4 ಪೆನ್ಸಿಗೆ ತರುವುದೂ ಇತ್ತು. ದುಡ್ಡಿನ ಅಳತೆ ರೈತನ ವಿಷಯ ಅಲ್ಲ ಅನ್ನುವವರಿಗೆ ಇದನ್ನು ಹೇಳಿ.

ಅಮೆರಿಕದ ರೈತರು ಬರೀ ಕೂಗಾಡಲಿಲ್ಲ. 1889ರಲ್ಲಿ ಅವರ ರೈತ ಒಕ್ಕೂಟ ಒಂದು ಯೋಜನೆ ಮುಂದಿಟ್ಟಿತು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರುವುದರಿಂದ ಬೆಲೆ ಬೀಳುತ್ತದೆ. ಬೆಳೆಯನ್ನು ಸರ್ಕಾರಿ ಗೋದಾಮಿನಲ್ಲಿ ಇಡೋಣ, ಬೆಲೆಯ ಶೇ. 80ರಷ್ಟು ಸಾಲವನ್ನು ವರ್ಷಕ್ಕೆ ಶೇ. 1ರ ಬಡ್ಡಿಯಲ್ಲಿ ಕೊಡಿ, ಬೆಲೆ ಬಂದಾಗ ಮಾರುತ್ತೇವೆ. ದೊಡ್ಡವರು ನಕ್ಕರು. ಮುಂದೆ ಬೆಲೆ ಪೂರಾ ಕುಸಿದಾಗ ರೈತರ ಜೊತೆ ಬ್ಯಾಂಕುಗಳೂ ಬಿದ್ದವು. 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕು ಮುಚ್ಚಿದವು. ಆಗ ಬುದ್ಧಿ ಬಂತು. 1933ರಲ್ಲಿ ಸರ್ಕಾರವೇ ನಿಗಮ ಮಾಡಿ ಹತ್ತಿ, ಮೆಕ್ಕೆಜೋಳದ ಮೇಲೆ ಸಾಲ ಕೊಟ್ಟಿತು. ಬೆಲೆ ಏರಿದರೆ ಮಾರಿ ಸಾಲ ತೀರಿಸು, ಏರದಿದ್ದರೆ ಬೆಳೆ ಬಿಟ್ಟುಕೊಡು, ಸಾಲ ಚುಕ್ತಾ. ಹೊಲ ಮನೆಗೆ ಕೈ ಹಾಕುವಂತಿಲ್ಲ.

ನಮ್ಮಲ್ಲಿ ಏನಿದೆ? ಮಂಡಿಯವರ ಹಿಡಿತ ತಪ್ಪಲಿ ಅಂತ 1939ರಲ್ಲಿ ಮ್ಯಾಮ್ಕೋಸ್ ಹುಟ್ಟಿತು. ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ಕ್ಯಾಂಪ್ಕೋ ಹುಟ್ಟಿತು. ಅಡಿಕೆ ಇಟ್ಟು ಮುಂಗಡ ತರುವ ದಾರಿ ಇದೆ. ಅದು ಸಣ್ಣ ಮಾತಲ್ಲ. ಆದರೆ ಅಡಮಾನ ಸಾಲದಲ್ಲಿ ಧಾರಣೆ ಇಳಿದರೆ ಬಾಕಿ ಬೆಳೆಗಾರನ ತಲೆಯ ಮೇಲೇ. ಆ ಅರ್ಧ ನಮಗೆ ಇನ್ನೂ ಬಂದಿಲ್ಲ.

ಅಮೆರಿಕದಲ್ಲಿ ಆದ ತೊಂದರೆಯನ್ನೂ ಹೇಳಬೇಕು. ಬಿಟ್ಟುಕೊಟ್ಟ ಬೆಳೆ ಗೋದಾಮಿನಲ್ಲಿ ರಾಶಿ ಬಿತ್ತು, ಬಿತ್ತನೆ ಕಡಿಮೆ ಮಾಡಿಸಬೇಕಾಯಿತು. ಬಯಲುಸೀಮೆಯ ಗದ್ದೆ ಹೊಲಗಳೆಲ್ಲ ಅಡಿಕೆ ತೋಟ ಆಗುತ್ತಿರುವಾಗ ಇದನ್ನು ಮರೆಯಬಾರದು.

ಹಾಗಾದರೆ ನಾವು ಮಾಡಬೇಕಾದ್ದೇನು? ಸಾಲದ ಗಡುವಿಗೆ ಹೆದರಿ ಇಡೀ ಫಸಲನ್ನು ಒಂದೇ ವಾರ ಮಾರಬೇಡಿ. ರುಜು ಹಾಕುವ ಮೊದಲು ಧಾರಣೆ ಬಿದ್ದರೆ ಬಾಕಿ ಯಾರದು ಅಂತ ಕೇಳಿ. ನಿಮ್ಮ ಸೊಸೈಟಿಯ ಮಹಾಸಭೆಗೆ ಹೋಗಿ ಎದ್ದು ನಿಂತು ಇದನ್ನೇ ಕೇಳಿ. ಮನೆಯಲ್ಲಿ ಲೆಕ್ಕದ ಪುಸ್ತಕ ಬರೆಯುವಾಗ ಸಾಲವನ್ನು ರೂಪಾಯಿಯಲ್ಲಿ ಬರೆಯಿರಿ, ಪಕ್ಕದಲ್ಲೇ ಕ್ವಿಂಟಾಲಿನಲ್ಲೂ ಬರೆಯಿರಿ. ಸಾಲ ಮನ್ನಾ ಕೇಳುವಾಗ ನಾವು ಭಿಕ್ಷೆ ಬೇಡುತ್ತಿದ್ದೇವೆ ಅನ್ನುವವರಿಗೆ ಆ ಎರಡು ಅಂಕಿಗಳನ್ನು ತೋರಿಸಿ.