ಫರ್ಗಾನಾದ ನೀರು, ಧಾತು ಈಶ್ವರದ ಬರ



ಘಟಿಕೋತ್ಸವದಲ್ಲಿ ಮಾತಾಡುವವರು ದೇಶದ ಭವಿಷ್ಯ, ಯುವಶಕ್ತಿ, ಬದಲಾಗುತ್ತಿರುವ ಜಗತ್ತು ಎಂದು ದೊಡ್ಡ ದೊಡ್ಡ ವಿಷಯ ಎತ್ತಿಕೊಳ್ಳುವುದು ವಾಡಿಕೆ. ನಾನು ಒಂದೇ ಒಂದು ಪತ್ರಿಕೆಯ ಬಗ್ಗೆ ಮಾತಾಡುತ್ತೇನೆ. ನಿಮ್ಮಲ್ಲಿ ಅನೇಕರು ಸುಲಭವಾಗಿ ಅಂಕ ಬರುತ್ತದೆಂಬ ಸೀನಿಯರ್‌ಗಳ ಮಾತು ನಂಬಿ ಓಪನ್ ಎಲೆಕ್ಟಿವ್ ಆಗಿ ತೆಗೆದುಕೊಂಡ ಪತ್ರಿಕೆ ಅದು: ಪ್ರಪಂಚದ ಪ್ರಾದೇಶಿಕ ಭೂಗೋಳ. ಒಂದು ಸೆಮಿಸ್ಟರ್‌ನಲ್ಲಿ ಇಡೀ ಜಗತ್ತು. ಯುರೋಪಿಗೆ ಎರಡು ವಾರ, ಲ್ಯಾಟಿನ್ ಅಮೆರಿಕಕ್ಕೆ ಅದಕ್ಕಿಂತ ಕಡಿಮೆ, ಆಫ್ರಿಕಾಕ್ಕೆ ಇನ್ನೂ ಕಡಿಮೆ, ಮಧ್ಯ ಏಷ್ಯಾಕ್ಕೆ ಇಂಟರ್ನಲ್ಸ್ ಹಿಂದಿನ ದಿನ ಉಳಿದ ಒಂದು ಗಂಟೆ. ಬಹಳ ವರ್ಷ ಇದನ್ನೇ ಪಾಠ ಮಾಡಿದವನಾದ್ದರಿಂದ ಈ ಹಂಚಿಕೆಯ ಅನ್ಯಾಯ ನನಗೆ ಚೆನ್ನಾಗಿ ಗೊತ್ತು.

ಈ ಪತ್ರಿಕೆಯ ಬಗ್ಗೆ ಭೂಗೋಳದವರಿಗೇ ಒಂದು ಮುಜುಗರವಿದೆ. 1650ರಲ್ಲಿ ವರೇನಿಯಸ್ ಎಂಬ ಭೂಗೋಳಜ್ಞ ತನ್ನ ಗ್ರಂಥದಲ್ಲಿ ಭೂಮಿಗೆಲ್ಲ ಅನ್ವಯಿಸುವ ಭೂಗೋಳ ಬೇರೆ, ಒಂದೊಂದು ನಾಡಿನ ಭೂಗೋಳ ಬೇರೆ ಎಂದು ಎರಡು ಪಂಕ್ತಿ ಹಾಕಿದ. ಅಂದಿನಿಂದ ಎರಡನೆಯ ಪಂಕ್ತಿಯವರಿಗೆ ಮರ್ಯಾದೆ ಸ್ವಲ್ಪ ಕಡಿಮೆಯೇ. ಫ್ರಾನ್ಸಿನ ವಿದಾಲ್ ದ ಲ ಬ್ಲಾಶ್ 1903ರಲ್ಲಿ ತನ್ನ ದೇಶದ ಒಂದೊಂದು ಸೀಮೆಯನ್ನೂ ಮಣ್ಣು, ಮನೆ, ಬೆಳೆ ಸಮೇತ ಚಿತ್ರಿಸಿ ಅದಕ್ಕೆ ಗೌರವ ತಂದುಕೊಟ್ಟ. 1953ರಲ್ಲಿ ಶೇಫರ್ ಎಂಬಾತ, ಪ್ರತಿ ಸ್ಥಳವೂ ಅನನ್ಯ ಎನ್ನುತ್ತ ಕೂತರೆ ಅದು ವಿಜ್ಞಾನವಲ್ಲ ಎಂದು ಜಾಡಿಸಿದ. ಅಷ್ಟರಲ್ಲಾಗಲೇ, 1948ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ಭೂಗೋಳ ವಿಭಾಗವನ್ನು ಮುಚ್ಚಲು ಹೊರಟಿತ್ತು. ಶೇಫರ್ ಹೇಳಿದ್ದರಲ್ಲಿ ಅರ್ಧ ನಿಜ ಎಂದು ನಾನು ಒಪ್ಪುತ್ತೇನೆ. ರಾಜಧಾನಿ, ನದಿ, ಖನಿಜ, ರಫ್ತು ಎಂದು ಬಾಯಿಪಾಠ ಮಾಡಿಸುವುದು ಭೂಗೋಳವಲ್ಲ, ರೈಲ್ವೆ ಟೈಮ್‌ಟೇಬಲ್. ಉಳಿದರ್ಧದ ಬಗ್ಗೆ ನನ್ನ ತಕರಾರಿದೆ.

ಮೊದಲು ಗೆರೆಗಳ ವಿಷಯ. ಯುರೋಪ್ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಗೆ ನೀವೆಲ್ಲ ಯುರಲ್ ಪರ್ವತ ಎಂದು ಬರೆದಿದ್ದೀರಿ, ಅಂಕವೂ ಸಿಕ್ಕಿದೆ. ಪ್ರಾಚೀನ ಗ್ರೀಕರಿಗೆ ಆ ಗಡಿ ಡಾನ್ ನದಿ. ಅದನ್ನು ಪೂರ್ವಕ್ಕೆ ಸರಿಸಿದವನು ಸ್ಟ್ರಾಲೆನ್‌ಬರ್ಗ್ ಎಂಬ ಸ್ವೀಡನ್ನಿನ ಸೇನಾಧಿಕಾರಿ. 1709ರ ಪೊಲ್ಟಾವಾ ಯುದ್ಧದಲ್ಲಿ ರಷ್ಯನ್ನರ ಕೈಗೆ ಸಿಕ್ಕಿ, ಸೈಬೀರಿಯಾದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದು, ಊರಿಗೆ ಮರಳಿದ ಮೇಲೆ 1730ರಲ್ಲಿ ಪುಸ್ತಕ ಬರೆದ. ಆ ಆಲೋಚನೆ ನನ್ನದೇ ಎಂದು ರಷ್ಯಾದ ತಾತಿಶ್ಚೆವ್ ಹೇಳಿಕೊಂಡ. ರಷ್ಯಾ ತನ್ನನ್ನು ಯುರೋಪಿನ ಸಾಲಿಗೆ ಸೇರಿಸಿಕೊಳ್ಳಲು ಹವಣಿಸುತ್ತಿದ್ದ ಕಾಲ ಅದು. ಮಾಸ್ಕೋ ಈಚೆಗೆ, ಸೈಬೀರಿಯಾ ಆಚೆಗೆ ಬೀಳುವ ಗೆರೆ ಎಲ್ಲರಿಗೂ ಅನುಕೂಲವಾಯಿತು. ಹಾಗೆಂದು ಯುರಲ್ ದಾಟಲಾಗದ ಗೋಡೆಯೇನಲ್ಲ. ಅದರ ಅತಿ ಎತ್ತರದ ಶಿಖರ ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಗಿಡ್ಡ. ಅದೇ ಗೆರೆ ಮುಂದೆ ಯುರಲ್ ನದಿಯಾಗಿ ಕಝಾಕ್‌ಸ್ತಾನದ ಅತಿರಾವ್ ಪಟ್ಟಣದ ನಡುವೆ ಹರಿಯುತ್ತದೆ. ಅಲ್ಲಿ ಸೇತುವೆ ದಾಟಿ ತರಕಾರಿ ತರುವವರು ಖಂಡ ಬದಲಿಸಿ ಬರುತ್ತಾರೆ. ಆ ದೇಶ 2002ರಿಂದ ಫುಟ್‌ಬಾಲ್ ಆಡುವುದು ಯುರೋಪಿನ ಒಕ್ಕೂಟದಲ್ಲಿ.

ಈ ಗೆರೆಗಳೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಯಾರು, ಯಾವಾಗ, ಯಾವ ಉಪಯೋಗಕ್ಕೆ ಎಳೆದರು ಎಂದು ಕೇಳದೆ ಅಳಿಸುವುದೂ ತಪ್ಪು, ನಂಬುವುದೂ ತಪ್ಪು.

ಈಗ ಒಂದು ಗಂಟೆಯಲ್ಲಿ ಮುಗಿಸಿದ ಮಧ್ಯ ಏಷ್ಯಾದ ಬಾಕಿ ತೀರಿಸಬೇಕು. ಉತ್ತರಕ್ಕೆ ತಿಯಾನ್ ಶಾನ್, ದಕ್ಷಿಣಕ್ಕೆ ಪಾಮಿರ್ ಅಲಾಯ್, ನಡುವೆ ಸುಮಾರು 300 ಕಿಲೋಮೀಟರ್ ಉದ್ದದ ಫರ್ಗಾನಾ ಕಣಿವೆ. ನಮಗೆ ಅದು ಅಪರಿಚಿತವೇನಲ್ಲ. ಬಾಬರ್ ಹುಟ್ಟಿದ್ದು ಅಲ್ಲಿನ ಅಂದಿಜಾನ್‌ನಲ್ಲಿ, 1483ರಲ್ಲಿ. ಹಿಂದೂಸ್ತಾನದಲ್ಲಿ ಕೂತು ಅಲ್ಲಿಯ ಕರ್ಬೂಜವನ್ನು ನೆನೆದು ಹಲುಬಿದವನು ಅವನು. ಸುತ್ತ ಒಣಭೂಮಿ, ಕಣಿವೆಯೊಳಗೆ ಮಾತ್ರ ಹತ್ತಿ, ಜರ್ದಾಳು, ರೇಷ್ಮೆಗೆ ಹಿಪ್ಪುನೇರಳೆ. ಇಷ್ಟಕ್ಕೂ ಕಾರಣ ನರಿನ್ ಮತ್ತು ಕರಾ ದರಿಯಾ ನದಿಗಳು. ಎರಡೂ ಕಣಿವೆಯಲ್ಲೇ ಕೂಡಿ ಸಿರ್ ದರಿಯಾ ಆಗುತ್ತವೆ.

1924ರಿಂದಾಚೆಗೆ ಸೋವಿಯತ್ ಅಧಿಕಾರಿಗಳು ಈ ಒಂದೇ ಕಣಿವೆಯನ್ನು ಮೂರು ಗಣರಾಜ್ಯಗಳಿಗೆ ಹಂಚಿದರು. ತಳದ ಬಯಲು ಬಹುಪಾಲು ಉಜ್ಬೇಕಿಸ್ತಾನಕ್ಕೆ, ಸುತ್ತಲ ಬೆಟ್ಟದ ಅಂಚು ಕಿರ್ಗಿಸ್ತಾನಕ್ಕೆ, ಪಶ್ಚಿಮದ ಬಾಯಿ ತಜಿಕಿಸ್ತಾನಕ್ಕೆ. ಸೋಖ್ ಎಂಬ ಒಂದು ಊರಸೀಮೆ ಇದೆ: ಸೇರಿದ್ದು ಉಜ್ಬೇಕಿಸ್ತಾನಕ್ಕೆ, ನಾಲ್ಕೂ ಕಡೆ ಸುತ್ತುವರಿದದ್ದು ಕಿರ್ಗಿಸ್ತಾನ, ಒಳಗಿರುವವರು ಬಹುತೇಕ ತಜಿಕರು. ಎಲ್ಲರೂ ಒಂದೇ ಒಕ್ಕೂಟದಲ್ಲಿದ್ದಷ್ಟು ಕಾಲ ಇದು ನಕ್ಷೆಯ ತಮಾಷೆಯಾಗಿತ್ತು. 1991ರಲ್ಲಿ ಅಂತರರಾಷ್ಟ್ರೀಯ ಗಡಿಯಾಯಿತು.

ನರಿನ್ ನದಿಗೆ 1970ರ ದಶಕದಲ್ಲಿ ಕಟ್ಟಿದ ಟೋಕ್ತೋಗುಲ್ ಅಣೆಕಟ್ಟು ಕಿರ್ಗಿಸ್ತಾನದಲ್ಲಿದೆ. ಸುಮಾರು 19.5 ಘನ ಕಿಲೋಮೀಟರ್ ನೀರು ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ 690 ಟಿಎಂಸಿಯ ಹತ್ತಿರ. ಕೆಆರ್‌ಎಸ್‌ಗೆ 49 ಟಿಎಂಸಿ. ಮೇಲಿನವರ ಕೈಯಲ್ಲಿ ಅಣೆಕಟ್ಟು, ಕೆಳಗಿನವರ ಹೊಲದಲ್ಲಿ ಹತ್ತಿ. ಇಷ್ಟು ಹೇಳುತ್ತಿದ್ದ ಹಾಗೆ ಮಂಡ್ಯ, ಮೈಸೂರಿನ ಕಡೆಯ ವಿದ್ಯಾರ್ಥಿಗಳು ತರಗತಿಯಲ್ಲಿ ತಲೆಯಾಡಿಸುತ್ತಿದ್ದರು. ಗೊತ್ತು ಸರ್, ಇದು ಕಾವೇರಿ.

ಅಲ್ಲ. ಕಾವೇರಿಯಲ್ಲಿ ಮಂಡ್ಯದ ರೈತನಿಗೂ ತಂಜಾವೂರಿನ ರೈತನಿಗೂ ನೀರು ಬೇಕಾಗುವುದು ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಅಲ್ಲಿ ಜಗಳ ಪಾಲಿನದು. ಸಿರ್ ದರಿಯಾದಲ್ಲಿ ಜಗಳ ತಿಂಗಳಿನದು. ಕೆಳಗಿನ ಉಜ್ಬೇಕರಿಗೆ, ಕಝಾಕರಿಗೆ ಹತ್ತಿ ಗಿಡ ಒಣಗದಂತೆ ಬೇಸಿಗೆಯಲ್ಲಿ ನೀರು ಬೇಕು. ಮೇಲಿನ ಕಿರ್ಗಿಸ್ತಾನಕ್ಕೆ ಸ್ವಂತ ಅನಿಲ, ತೈಲ ಇಲ್ಲವೆಂಬಷ್ಟು ಕಡಿಮೆ. ವಿದ್ಯುತ್ತಿನ ಬಹುಪಾಲು ನೀರಿನಿಂದಲೇ. ಮೈನಸ್ ಇಪ್ಪತ್ತು ಡಿಗ್ರಿಯ ಚಳಿಯಲ್ಲಿ ಮನೆ ಬೆಚ್ಚಗಿಡಲು ಅವರು ಡಿಸೆಂಬರ್, ಜನವರಿಯಲ್ಲಿ ನೀರು ಬಿಟ್ಟು ಟರ್ಬೈನ್ ತಿರುಗಿಸಬೇಕು. ಸೋವಿಯತ್ ಕಾಲದಲ್ಲಿ ಮಾಸ್ಕೋ ಇದಕ್ಕೆ ಒಂದು ಕೊಡುಕೊಳ್ಳುವ ಏರ್ಪಾಟು ಮಾಡಿತ್ತು. ಬೇಸಿಗೆಯಲ್ಲಿ ಮೇಲಿನಿಂದ ನೀರು, ಚಳಿಗಾಲದಲ್ಲಿ ಕೆಳಗಿನಿಂದ ಕಲ್ಲಿದ್ದಲು ಮತ್ತು ಅನಿಲ. ಒಕ್ಕೂಟ ಒಡೆದ ಮೇಲೆ ಅನಿಲಕ್ಕೆ ಬೆಲೆ ಬಂತು, ನೀರಿಗೆ ಬರಲಿಲ್ಲ. ಕಿರ್ಗಿಸ್ತಾನ ಚಳಿಗಾಲದಲ್ಲೇ ನೀರು ಬಿಡತೊಡಗಿತು. ಕೆಳಗೆ ಹೆಪ್ಪುಗಟ್ಟಿದ ನದಿಪಾತ್ರ ಅಷ್ಟು ನೀರನ್ನು ಹೊರಲಾರದೆ ಹೋಯಿತು. ಅರಲ್ ಸಮುದ್ರ ಸೇರಬೇಕಾದ ನೀರನ್ನು ಅರ್ನಸಾಯ್ ಎಂಬ ತಗ್ಗಿಗೆ ತಿರುಗಿಸಬೇಕಾಯಿತು. ಒಂದೇ ನದಿ, ಚಳಿಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ. 1998ರಲ್ಲಿ ಕಿರ್ಗಿಸ್ತಾನ, ಉಜ್ಬೇಕಿಸ್ತಾನ, ಕಝಾಕ್‌ಸ್ತಾನ ನೀರು ಮತ್ತು ಇಂಧನವನ್ನು ಒಟ್ಟಿಗೆ ಸೇರಿಸಿ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಕುಂಟುತ್ತಲೇ ನಡೆಯಿತು, ಆದರೆ ಅದರ ದಾರಿ ಸರಿಯಾಗಿತ್ತು. ಕಾವೇರಿಯನ್ನು ತಲೆಯಲ್ಲಿಟ್ಟುಕೊಂಡು ಅಲ್ಲಿಗೆ ಹೋದವನು ಟಿಎಂಸಿ ಹಂಚುವ ನ್ಯಾಯಮಂಡಳಿ ಕೂರಿಸಿ ಎನ್ನುತ್ತಾನೆ. ಅಲ್ಲಿ ಬೇಕಾದದ್ದು ಕಲ್ಲಿದ್ದಲಿನ ಕರಾರು.

ಶೇಫರ್‌ಗೆ ನನ್ನ ಉತ್ತರ ಇದೇ. ಮೇಲಿನವರಿಗೂ ಕೆಳಗಿನವರಿಗೂ ನೀರಿನ ಜಗಳ ಎಂಬ ಸಾಮಾನ್ಯ ಸೂತ್ರ ಎರಡೂ ಕಡೆ ಸರಿ, ಎರಡೂ ಕಡೆ ನಿರುಪಯೋಗಿ. ಚಳಿ, ಬೆಳೆ, ಅನಿಲದ ಬೆಲೆ, ನದಿಯ ಮಂಜುಗಡ್ಡೆ ಇಷ್ಟನ್ನೂ ಒಂದೇ ಸ್ಥಳದಲ್ಲಿ ಒಟ್ಟಿಗೆ ಹಿಡಿದು ನೋಡಿದಾಗ ಮಾತ್ರ ಜಗಳ ಏನೆಂದು ಗೊತ್ತಾಗುತ್ತದೆ. ಅದೇ ಕಣಿವೆಯ ಇನ್ನೊಂದು ಮೂಲೆಯಲ್ಲಿ, ಇಸ್ಫಾರಾ ನದಿಯ ನೀರು ತಿರುಗಿಸುವ ಕಟ್ಟೆಯ ಬಳಿ, 2021ರ ಏಪ್ರಿಲ್‌ನಲ್ಲಿ ಶುರುವಾದ ಕಿರ್ಗಿಸ್ತಾನ ತಜಿಕಿಸ್ತಾನಗಳ ಘರ್ಷಣೆಯಲ್ಲಿ ಹತ್ತಾರು ಜನ ಸತ್ತರು. ಮರುವರ್ಷ ಮತ್ತೆ ಸತ್ತರು. 2025ರ ಮಾರ್ಚ್‌ನಲ್ಲಿ ಕಣಿವೆಯನ್ನು ಹಂಚಿಕೊಂಡ ಮೂರೂ ದೇಶಗಳ ಅಧ್ಯಕ್ಷರು ತಮ್ಮ ಗಡಿಗಳು ಕೂಡುವ ಬಿಂದು ಎಲ್ಲಿದೆ ಎಂದು ಒಪ್ಪಿ ಸಹಿ ಹಾಕಿದರು. ಒಕ್ಕೂಟ ಒಡೆದು ಮೂವತ್ತಕ್ಕೂ ಹೆಚ್ಚು ವರ್ಷ ಆಗಿತ್ತು.

ಒಂದೇ ಸ್ಥಳವನ್ನು ಹಿಡಿದು ನೋಡಬೇಕೆಂಬ ಈ ಪಾಠಕ್ಕೆ ತದ್ವಿರುದ್ಧವಾದ ಪಾಠ, ಸ್ಥಳದ ಆಚೆಗೂ ನೋಡಬೇಕೆಂಬುದು, ನಮ್ಮ ನೆಲದಲ್ಲೇ ಇದೆ. ಧಾತು ಈಶ್ವರದ ಬರ ಎಂದು ಹಳೇ ಮೈಸೂರಿನ ಹಿರಿಯರು ಎರಡು ಸಂವತ್ಸರದ ಹೆಸರು ಕೂಡಿಸಿ ಹೇಳುತ್ತಿದ್ದ ಬರ, 1876ರಿಂದ 1878ರದು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಈ ಎರಡು ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಸುಮ್ಮನೆ ನಿಂತರೆ ಸಾಕು, ತರಗತಿಯೂ ಸುಮ್ಮನಾಗುತ್ತದೆ. ಇದನ್ನು ನಾವು ನಮ್ಮ ಕೆರೆಗಳ, ನಮ್ಮ ರಾಗಿ ಹೊಲಗಳ ಕಥೆಯಾಗಿ ಓದಿದ್ದೇವೆ. ಅದೇ ವರ್ಷಗಳಲ್ಲಿ ಉತ್ತರ ಚೀನಾದ ಶಾನ್‌ಶಿಯಲ್ಲಿ, ಸುತ್ತಲ ಪ್ರಾಂತ್ಯಗಳಲ್ಲಿ ಮಳೆ ಕೈಕೊಟ್ಟು ಸತ್ತವರ ಸಂಖ್ಯೆ ಕೋಟಿಯ ಆಸುಪಾಸು. ಈಶಾನ್ಯ ಬ್ರೆಜಿಲ್‌ನ ಸಿಯಾರಾದಿಂದ ಜನ ಊರಿಗೆ ಊರೇ ಬಿಟ್ಟು ಕರಾವಳಿಗೆ ಇಳಿದರು. 1877ರಲ್ಲಿ ನೈಲ್ ನದಿಯೂ ತುಂಬಲಿಲ್ಲ. ನಿಮ್ಮ ಪಠ್ಯದಲ್ಲಿ ಇವು ನಾಲ್ಕು ಬೇರೆ ಬೇರೆ ಅಧ್ಯಾಯ. ಮೋಡಗಳಿಗೆ ಅಧ್ಯಾಯ ಗೊತ್ತಿರಲಿಲ್ಲ.

ಇವುಗಳ ನಡುವಿನ ನಂಟಿನ ಎಳೆ ಹಿಡಿದದ್ದು ಭಾರತದಲ್ಲಿ ಕೂತ ಒಬ್ಬ ಗಣಿತಜ್ಞ. 1904ರಲ್ಲಿ ಇಲ್ಲಿನ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್, ಮುಂಗಾರನ್ನು ಮೊದಲೇ ಹೇಳಬಹುದೇ ಎಂದು ಜಗತ್ತಿನ ಮೂಲೆ ಮೂಲೆಯ ಗಾಳಿಯೊತ್ತಡದ ಅಂಕಿಗಳನ್ನು ಗುಮಾಸ್ತರಿಂದ ಲೆಕ್ಕ ಹಾಕಿಸಿದ. ಹಿಂದೂ ಮಹಾಸಾಗರದ ಕಡೆ ಒತ್ತಡ ಏರಿದರೆ ಪೆಸಿಫಿಕ್‌ನ ಪೂರ್ವದಲ್ಲಿ ಇಳಿಯುತ್ತದೆ, ಅಲ್ಲಿ ಏರಿದರೆ ಇಲ್ಲಿ ಇಳಿಯುತ್ತದೆ ಎಂಬ ಜೋಲಿಯಾಟ ಕಂಡುಕೊಂಡ. ಅದು ಪೆರುವಿನ ಮೀನುಗಾರರು ಎಲ್ ನಿನ್ಯೊ ಎನ್ನುತ್ತಿದ್ದ ಬಿಸಿನೀರಿನ ಇನ್ನೊಂದು ಮುಖ ಎಂದು ಹವಾಮಾನ ವಿಜ್ಞಾನಿ ಬ್ಯರ್ಕ್‌ನೆಸ್ ವಿವರಿಸಿದ್ದು 1969ರಲ್ಲಿ. ಮುಂಗಾರನ್ನು ಮೊದಲೇ ಹೇಳುವುದು ವಾಕರ್‌ಗೆ ಕೊನೆಗೂ ಒಲಿಯಲಿಲ್ಲ. ಅವನು ಹುಡುಕುತ್ತಿದ್ದದ್ದು ಸಿಗಲಿಲ್ಲ, ಅದಕ್ಕಿಂತ ದೊಡ್ಡದು ಸಿಕ್ಕಿತು.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸುಳ್ಳು ಹೇಳಿದಂತೆ. ಮಳೆ ತಪ್ಪಿದ್ದಕ್ಕೆ ಕಾರಣ ಪೆಸಿಫಿಕ್. ಜನ ಸತ್ತದ್ದಕ್ಕೆ ಪೆಸಿಫಿಕ್ ಕಾರಣವಲ್ಲ. ಬರದ ಆ ವರ್ಷಗಳಲ್ಲೂ ಭಾರತದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಪರಿಹಾರದ ಮೇಲ್ವಿಚಾರಣೆಗೆ ಬಂದ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ಕಲ್ಲು ಹೊರುವವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸು ಸಾಕೆಂದ. ಅಂದರೆ ಅರ್ಧ ಕಿಲೋಗೂ ಕಡಿಮೆ. ಇದು ಸಮುದ್ರ ಮಾಡಿದ ತೀರ್ಮಾನವಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಈಗ ಮಾತಾಡುವ ಕೆಲವರು ಎಲ್ಲವನ್ನೂ ಆಕಾಶದ ಮೇಲೆ ಹಾಕಿ ಕೈತೊಳೆದುಕೊಳ್ಳುವುದನ್ನು ಕೇಳಿದಾಗ ನನಗೆ ಟೆಂಪಲ್ ನೆನಪಾಗುತ್ತಾನೆ.

ಪಠ್ಯದಲ್ಲಿ ಬರಬೇಕಿದ್ದು ಬಾರದ ಒಂದು ಪ್ರದೇಶವನ್ನೂ ಹೇಳಿಬಿಡುತ್ತೇನೆ. ಹೊನ್ನಾವರ, ಭಟ್ಕಳ ದಕ್ಷಿಣ ಏಷ್ಯಾದ ಅಧ್ಯಾಯದಲ್ಲಿವೆ, ಹೊರ್ಮುಜ್ ನೈರುತ್ಯ ಏಷ್ಯಾದಲ್ಲಿ, ಮೊಂಬಾಸಾ ಆಫ್ರಿಕಾದಲ್ಲಿ. ವರ್ಷಕ್ಕೆ ಎರಡು ಬಾರಿ ದಿಕ್ಕು ಬದಲಿಸುವ ಗಾಳಿ ಇವನ್ನೆಲ್ಲ ನೂರಾರು ವರ್ಷ ಒಂದೇ ಸೀಮೆಯನ್ನಾಗಿ ಇಟ್ಟಿತ್ತು. ವಿಜಯನಗರದ ಕುದುರೆಗಳು ಭಟ್ಕಳದಲ್ಲಿ ಇಳಿದವು. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಕಂಡೆನೆಂದು ಬರೆದ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಿಕರು ಪೂರ್ವ ಆಫ್ರಿಕಾದಿಂದ ಬಂದವರು, ಬಹಳಷ್ಟು ಜನ ಗುಲಾಮರಾಗಿ. ಇವರನ್ನು ಯಾವ ಅಧ್ಯಾಯದಲ್ಲಿ ಓದುತ್ತೀರಿ? ಪಠ್ಯಕ್ರಮ ಸಮಿತಿಯವರು ಈ ಸಭೆಯಲ್ಲಿದ್ದಾರೆ, ಪ್ರಶ್ನೆ ಅವರಿಗೂ ಸೇರಿದ್ದು.

ನಿಮ್ಮಲ್ಲಿ ಹಲವರು ಬರುವ ತಿಂಗಳು ಬೆಂಗಳೂರಿನ ಕಂಪನಿಗಳಿಗೆ ಸೇರುತ್ತೀರಿ. ಅಲ್ಲಿ ಇನ್ನೊಂದು ಪ್ರಾದೇಶಿಕ ಭೂಗೋಳ ನಿಮಗಾಗಿ ಕಾದಿದೆ. ಅದರಲ್ಲಿ ಜಗತ್ತು ಎಮಿಯಾ, ಏಪ್ಯಾಕ್, ಲ್ಯಾಟಮ್ ಎಂದು ಹರಿದು ಹಂಚಿಹೋಗಿರುತ್ತದೆ. ಎಮಿಯಾ ಎಂದರೆ ಯುರೋಪ್, ಪಶ್ಚಿಮ ಏಷ್ಯಾ, ಆಫ್ರಿಕಾ ಎಲ್ಲ ಸೇರಿ ಒಂದು. ಆಸ್ಲೋ, ರಿಯಾದ್, ಲಾಗೋಸ್ ಒಂದೇ ಕೋಣೆಯಲ್ಲಿ. ಇದನ್ನು ಎಳೆದವನು ಪರ್ವತ ನೋಡಿಲ್ಲ, ಭಾಷೆ ನೋಡಿಲ್ಲ, ಗಡಿಯಾರ ನೋಡಿದ್ದಾನೆ. ಈ ಮೂರೂ ಊರುಗಳಲ್ಲಿ ಕಚೇರಿ ತೆರೆಯುವ ಹೊತ್ತು ಹತ್ತಿರ ಹತ್ತಿರ, ನಿಮ್ಮ ಒಂದೇ ಪಾಳಿಯಲ್ಲಿ ಮೂವರನ್ನೂ ನಿಭಾಯಿಸಬಹುದು. ಆ ಕೆಲಸಕ್ಕೆ ಆ ಗೆರೆ ಸರಿಯಾದದ್ದೇ. ಲಾಗೋಸ್‌ನವರು ಮಧ್ಯಾಹ್ನ ಕರೆ ಕಡಿತವಾಯಿತೆಂದು ಮತ್ತೆ ಫೋನ್ ಮಾಡಿದಾಗ, ಆಸ್ಲೋಗೆ ಬರೆದಿಟ್ಟ ಉತ್ತರವನ್ನೇ ಓದುವ ಮೊದಲು, ಅಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ, ಜನರೇಟರ್‌ಗೆ ಡೀಸೆಲ್ ಏನು ಬೆಲೆ ಎಂದು ಅವರನ್ನೇ ಒಮ್ಮೆ ಕೇಳಿ. ಟೀಮ್ ಲೀಡರ್ ಆಕ್ಷೇಪಿಸಿದರೆ ವಿಶ್ವವಿದ್ಯಾಲಯದಲ್ಲಿ ಹೀಗೆಯೇ ಹೇಳಿಕೊಟ್ಟರು ಎನ್ನಿ.