ಛತ್ತಿಗೆ ಎಷ್ಟು ಕಬ್ಬಿಣ?



ರಾವೂರ, ವಾಡಿ, ಶಹಾಬಾದ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಗೋಡೆಗೂ ಕಲ್ಲು, ನೆಲಕ್ಕೂ ಫರ್ಸಿ. ಆದರೆ ಈಗ ಹಳೆಯ ಮಾಳಿಗೆ ತೆಗೆದು ಸಿಮೆಂಟಿನ ಛತ್ತು ಹಾಕಿಸುವವರು ಬಹಳ. ತೊಗರಿ ಮಾರಿದ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. “ಕಬ್ಬಿಣ ಎಷ್ಟು ತಂದಿರಿ?” ಎಂದು ಕೇಳಿದರೆ, “ಗೌಂಡಿ ಹೇಳಿದಷ್ಟು ತಂದೀವ್ರಿ ಸಾಹೇಬರ” ಎನ್ನುತ್ತೀರಿ. ಆ ಲೆಕ್ಕವನ್ನು ನೀವೇ ಹಾಕಬಹುದು.

ಮೊದಲು, ಕಬ್ಬಿಣ ಏಕೆ ಬೇಕು? ಉದ್ದನೆಯ ಒಂದು ಫರ್ಸಿಯನ್ನು ಎರಡು ಕಲ್ಲುಗಳ ಮೇಲಿಟ್ಟು ನಡುವೆ ಭಾರ ಹೇರಿರಿ. ಬಿರುಕು ಕೆಳಗಿನ ಮೈಯಿಂದ ಏಳುತ್ತದೆ. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಕಾಂಕ್ರೀಟಿನ ಗುಣವೂ ಅದೇ. ಆ ಎಳೆತ ಹೊರುವುದಕ್ಕೇ ಸರಳು. ಆದ್ದರಿಂದ ಕೋಣೆಯ ಛತ್ತಿನ ನಡುಭಾಗದಲ್ಲಿ ಸರಳು ಕೆಳಮೈಗೆ ಹತ್ತಿರ ಇರಬೇಕು. ಆದರೆ ಸೆಂಟ್ರಿಂಗ್ ಹಲಗೆಗೆ ತಾಗಬಾರದು. ತಾಗಿದರೆ ಮುಂದೆ ತುಕ್ಕು ಹಿಡಿದು ಛತ್ತು ಉದುರುತ್ತದೆ. 2 ಸೆಂಟಿಮೀಟರು ದಪ್ಪದ ಸಿಮೆಂಟಿನ ಬಿಲ್ಲೆಗಳನ್ನು ಕೆಳಗೆ ಕೊಡಿರಿ. ಫರ್ಸಿಯ ಚೂರು ಇಡಬೇಡಿರಿ, ಅದು ಜಾರುತ್ತದೆ.

ಈಗ ಲೆಕ್ಕ. ಒಳಗೆ 10 ಅಡಿ ಅಗಲ, 13 ಅಡಿ ಉದ್ದದ ಕೋಣೆ ಎನ್ನೋಣ. ನಾಲ್ಕೂ ಕಡೆ ಗೋಡೆಯ ಮೇಲೆ ಅರ್ಧ ಅಡಿ ಕೂತರೆ ಛತ್ತು 11 ಅಡಿಗೆ 14 ಅಡಿ. 5 ಇಂಚು ದಪ್ಪದ ಇಂಥ ಛತ್ತಿಗೆ 8 ಮಿಲಿಮೀಟರಿನ ಸರಳನ್ನು ಎರಡೂ ಕಡೆಗೆ 6 ಇಂಚಿಗೊಂದರಂತೆ ಹಾಸುವುದು ಸಾಮಾನ್ಯ ರೂಢಿ. 14 ಅಡಿಯಲ್ಲಿ ಅರ್ಧ ಅಡಿಯ ಸಂದು 28. ಸರಳು ಒಂದು ಹೆಚ್ಚು, ಅಂದರೆ 11 ಅಡಿಯವು 29. ಅದೇ ರೀತಿ 14 ಅಡಿಯವು 23. ಒಟ್ಟು 641 ಅಡಿ, ಸುಮಾರು 195 ಮೀಟರು.

ತೂಕಕ್ಕೆ ಒಂದು ಸೂತ್ರವುಂಟು. ಸರಳಿನ ದಪ್ಪದ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿರಿ. ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. ಎಂಟೆಂಟಲ 64, ಭಾಗಿಸಿದರೆ 0.395. ನಮ್ಮ ಛತ್ತಿಗೆ 77 ಕಿಲೋ ಆಯಿತು. ಅಂಗಡಿಯ ಸರಳು 12 ಮೀಟರಿನದು, ಅಂದರೆ 39 ಅಡಿಗಿಂತ ತುಸು ಹೆಚ್ಚು. ಒಂದರಲ್ಲಿ 14 ಅಡಿಯ ಎರಡು, 11 ಅಡಿಯ ಒಂದು ತುಂಡು ಕತ್ತರಿಸಿದರೆ ಏನೂ ಉಳಿಯದು. ಹೀಗೆ ಕತ್ತರಿಸುತ್ತ ಹೋದರೆ 18 ಸರಳು, 85 ಕಿಲೋ ಸಾಕು. ಒಂದು ಸರಳು ಸುಮಾರು ಪೌಣೇ ಐದು ಕಿಲೋ ತೂಗಬೇಕು. ಬಹಳ ಕಡಿಮೆ ಬಂದರೆ ಅಂಗಡಿಯಲ್ಲೇ ಕೇಳಿರಿ. ಮೇಲೆ ಕಾಳಿನ ಚೀಲ ಒಟ್ಟುವುದಿದ್ದರೆ, ಮಹಡಿ ಏರಿಸುವುದಿದ್ದರೆ ಈ ಲೆಕ್ಕ ನಡೆಯದು. ಇಂಜಿನಿಯರರಿಂದ ನಕಾಶೆ ಬರೆಸಿರಿ.

ಬರೀ ತೂಕ ಸರಿಯಿದ್ದರೆ ಸಾಲದು. ಒಂದು ಹಳ್ಳಿಯಲ್ಲಿ ನಾನೇ ಕಂಡದ್ದು. ಬಾಗಿಲ ಮೇಲಿನ ಸಜ್ಜಾ ಗೋಡೆಯಿಂದ ಹೊರಚಾಚಿರುತ್ತದೆ. ಅಲ್ಲಿ ಎಳೆತ ಮೇಲ್ಮೈಗೆ, ಸರಳೂ ಮೇಲೆಯೇ ಬೇಕು. ಆಳುಗಳು ಕಾಂಕ್ರೀಟು ಸುರಿಯುವಾಗ ತುಳಿದು ಸರಳನ್ನು ಕೆಳಗೆ ಕೂರಿಸಿದ್ದರು. ಹಲಗೆ ಬಿಚ್ಚಿದ ಕೂಡಲೇ ಸಜ್ಜಾ ಮುರಿದು ಬಿತ್ತು. ಕೆಳಗೆ ಕಟ್ಟಿದ್ದ ಎತ್ತಿನ ಕಾಲು ಹೋಯಿತು. ಬಿತ್ತನೆಗೆ ಎಂಟೇ ದಿನ ಉಳಿದಿತ್ತು. ಕಬ್ಬಿಣ ಬೇಕಾದಷ್ಟಿತ್ತು, ಜಾಗ ತಪ್ಪಿತ್ತು.

ಆದ್ದರಿಂದ ಛತ್ತು ಹಾಕುವ ದಿನ ಹೊಲಕ್ಕೆ ಹೋಗಬೇಡಿರಿ. ಸುರಿಯುವ ಮುಂಚೆ ಸರಳು ಎಣಿಸಿರಿ, ಸಂದು ಅಳೆಯಿರಿ, ಬಿಲ್ಲೆ ನೋಡಿರಿ. ಕಾಂಕ್ರೀಟು ಮುಚ್ಚಿದ ಮೇಲೆ ಒಳಗಿನದನ್ನು ಕಂಡವರಾರು?